ಗೆಳೆಯರಿಗೆ ಬಾರ್ಬರಾ ಪಿಮ್ ಓದಿಸುವುದು ಹೇಗೆ?

ಪ್ರಶ್ನೆ: ನಾವು ಆರು ಮಂದಿ ಮೈಸೂರಿನಲ್ಲಿ ಕಾಲೇಜು ಓದಿದ ದಿನಗಳಿಂದ ಗೆಳೆಯರು. ಬ್ಯಾಂಕು, ಅಂಚೆ ಇಲಾಖೆ, ವಿದ್ಯುತ್ ಮಂಡಳಿ, ಕಾಲೇಜು ಎಂದು ಬೇರೆ ಬೇರೆ ಕಡೆ ದುಡಿದು ಈಗ ಎಲ್ಲರೂ ನಿವೃತ್ತರಾಗಿದ್ದೇವೆ. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಓದಿದ ಪುಸ್ತಕಗಳ ಬಗ್ಗೆ ಮಾತನಾಡುತ್ತೇವೆ. ಕಾರಂತ, ಭೈರಪ್ಪ, ತೇಜಸ್ವಿ ಎಂದರೆ ಎಲ್ಲರಿಗೂ ಬಾಯಿಪಾಠ. ಇಂಗ್ಲಿಷ್ ಕಾದಂಬರಿಗಳನ್ನೂ ಓದುತ್ತೇವೆ. ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ 'ಎಕ್ಸಲೆಂಟ್ ವಿಮೆನ್' ಓದಿದ ಮೇಲೆ ನಾನು ಬಾರ್ಬರಾ ಪಿಮ್ ಅವರ ಪುಸ್ತಕಗಳನ್ನು ಹುಡುಕಿ ಹುಡುಕಿ ಓದಿದೆ. ಇಷ್ಟು ದೊಡ್ಡ ಲೇಖಕಿಯನ್ನು ಲಂಡನ್ನಿನ ಪ್ರಕಾಶಕರು 16 ವರ್ಷ ಮೂಲೆಗೆ ತಳ್ಳಿದ್ದರು ಎಂದು ಗೆಳೆಯರಿಗೆ ಎಷ್ಟು ಬಾರಿ ಹೇಳಿದರೂ ಯಾರಿಗೂ ನಾಟುತ್ತಿಲ್ಲ. ಒಬ್ಬರು ನಲವತ್ತು ಪುಟ ಓದಿ, 'ಏನಯ್ಯಾ, ಇದರಲ್ಲಿ ಏನೂ ಆಗುವುದೇ ಇಲ್ಲವಲ್ಲ' ಎಂದು ವಾಪಸು ಕೊಟ್ಟರು. ಇನ್ನೊಬ್ಬರು 'ಚರ್ಚಿಗೆ ಹೋಗುವ ಹೆಂಗಸರ ಟೀ ಪುರಾಣ' ಎಂದರು. ನನಗೆ ನೋವಾಯಿತು. ಇವರಿಗೆ ಪಿಮ್ ಅವರನ್ನು ಓದಿಸಲು ಏನು ಮಾಡಬೇಕು? ಇಷ್ಟು ಹಟ ಹಿಡಿಯುವುದು ಸರಿಯೇ?

ಉತ್ತರ: ಮೊದಲು ಹಟದ ವಿಷಯ ಹೇಳಿಬಿಡುತ್ತೇನೆ. ಸರಿ. ಪಿಮ್ ಅವರ ಪುಸ್ತಕಗಳು ಇಂದು ನಿಮ್ಮ ಕೈಗೆ ಸಿಗುತ್ತಿರುವುದೇ ಕೆಲವರು ಹಿಡಿದ ಇಂಥ ಹಟದಿಂದ. ಆದರೆ ಅವರು ಹಟ ಹಿಡಿದ ರೀತಿಗೂ ನೀವು ಹಿಡಿದಿರುವ ರೀತಿಗೂ ವ್ಯತ್ಯಾಸವಿದೆ. ನೀವು ಗೆಳೆಯರ ಮುಂದೆ ಇಟ್ಟದ್ದು ಲೇಖಕಿಗೆ ಆದ ಅನ್ಯಾಯವನ್ನು. ಅದನ್ನು ಕೇಳಿದವರಿಗೆ ಆಕೆಯ ಮೇಲೆ ಕನಿಕರ ಹುಟ್ಟಬಹುದು, ಪುಸ್ತಕ ಬಿಡಿಸಿ ನೋಡುವ ಆಸೆ ಹುಟ್ಟುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, 'ಜಗತ್ತಿಗೆ ತಿಳಿಯದ ದೊಡ್ಡ ಲೇಖಕಿ' ಎಂಬ ಮಾತಿನಲ್ಲಿ 'ನಿಮಗೂ ತಿಳಿದಿಲ್ಲ' ಎಂಬ ಆಕ್ಷೇಪ ಅಡಗಿರುತ್ತದೆ. ಹೊಸಬರಾದರೆ ಅದನ್ನು ಸೌಜನ್ಯಕ್ಕಾಗಿ ನುಂಗಿಕೊಂಡಾರು. ಐದು ದಶಕದ ಗೆಳೆಯರು ಏಕೆ ನುಂಗಿಕೊಳ್ಳಬೇಕು? ನಿಮ್ಮನ್ನು ಹದಿನೆಂಟನೇ ವಯಸ್ಸಿನಿಂದ ಬಲ್ಲವರಿಗೆ ನೀವು ಪರೀಕ್ಷೆ ಒಡ್ಡಿದಂತೆ ಕಂಡಿದೆ. ಅವರು ಪಾಸಾಗಲು ಒಪ್ಪುತ್ತಿಲ್ಲ, ಅಷ್ಟೇ.

ಆ ಹದಿನಾರು ವರ್ಷಗಳಲ್ಲಿ ನಿಜಕ್ಕೂ ನಡೆದದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಅದನ್ನು ಸಾಮಾನ್ಯವಾಗಿ ತೀರಾ ಚುಟುಕಾಗಿ ಹೇಳಿ ಮುಗಿಸುತ್ತಾರೆ. ನಿಮಗೆ ಬೇಕಾದ ಉಪಾಯವೂ ಅದರೊಳಗೇ ಇದೆ.

ಬಾರ್ಬರಾ ಪಿಮ್ ಹುಟ್ಟಿದ್ದು 1913ರಲ್ಲಿ, ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಆಸ್ವೆಸ್ಟ್ರಿಯಲ್ಲಿ. ಆಕ್ಸ್‌ಫರ್ಡಿನ ಸೇಂಟ್ ಹಿಲ್ಡಾಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನ ಇಂಟರ್‌ನ್ಯಾಷನಲ್ ಆಫ್ರಿಕನ್ ಇನ್‌ಸ್ಟಿಟ್ಯೂಟ್ ಸೇರಿ, ಮಾನವಶಾಸ್ತ್ರಜ್ಞರ ಲೇಖನಗಳನ್ನು ತಿದ್ದುತ್ತಾ 1974ರವರೆಗೂ ಅಲ್ಲೇ ದುಡಿದರು. ಮದುವೆಯಾಗಲಿಲ್ಲ. 1950ರಿಂದ 1961ರವರೆಗೆ ಅವರ ಆರು ಕಾದಂಬರಿಗಳು ಜೊನಾಥನ್ ಕೇಪ್ ಸಂಸ್ಥೆಯಿಂದ ಹೊರಬಂದವು. ಒಳ್ಳೆಯ ವಿಮರ್ಶೆ, ತಕ್ಕಮಟ್ಟಿನ ಮಾರಾಟ, ವಾಚನಾಲಯಗಳಲ್ಲಿ ನಿಷ್ಠಾವಂತ ಓದುಗರು ಎಲ್ಲವೂ ಇದ್ದವು. 1963ರಲ್ಲಿ ಏಳನೆಯ ಕಾದಂಬರಿಯ ಹಸ್ತಪ್ರತಿ ಕಳಿಸಿದಾಗ ಅದೇ ಸಂಸ್ಥೆ ಅದನ್ನು ತಿರಸ್ಕರಿಸಿತು. ಕಾಲ ಬದಲಾಗಿತ್ತು. ಪಾದ್ರಿಗಳು, ಅವಿವಾಹಿತ ಮಹಿಳೆಯರು, ಕಚೇರಿಯ ಗುಮಾಸ್ತರು ಯಾರಿಗೂ ಬೇಕಾಗಿರಲಿಲ್ಲ. ಬೇರೆ ಪ್ರಕಾಶಕರೂ ಒಬ್ಬರಾದ ಮೇಲೆ ಒಬ್ಬರು ಬೇಡವೆಂದರು. ಪಿಮ್ ಕಚೇರಿಗೆ ಹೋಗುತ್ತಲೇ ಇದ್ದರು, ಬರೆಯುತ್ತಲೂ ಇದ್ದರು. 1971ರಲ್ಲಿ ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಯಿತು. 1974ರಲ್ಲಿ ಪಾರ್ಶ್ವವಾಯು ತಗುಲಿತು. ಕೆಲಸ ಬಿಟ್ಟು ಆಕ್ಸ್‌ಫರ್ಡ್‌ಶೈರ್‌ನ ಫಿನ್‌ಸ್ಟಾಕ್ ಎಂಬ ಹಳ್ಳಿಯಲ್ಲಿ ತಂಗಿ ಹಿಲರಿಯೊಂದಿಗೆ ನೆಲೆಸಿದರು.

ಆ ಹೊತ್ತಿಗೆ ಅವರನ್ನು ಬಿಡದೆ ಓದುತ್ತಿದ್ದ ಒಬ್ಬ ಮನುಷ್ಯ ಹಲ್ ವಿಶ್ವವಿದ್ಯಾಲಯದ ಗ್ರಂಥಪಾಲಕನಾಗಿದ್ದ. ಆತ ಕವಿ ಫಿಲಿಪ್ ಲಾರ್ಕಿನ್. 1961ರಲ್ಲಿ ಆತನೇ ಮುಂದಾಗಿ ಅವರಿಗೆ ಪತ್ರ ಬರೆದ. ನಿಮ್ಮ ಮುಂದಿನ ಕಾದಂಬರಿ ಬಂದಾಗ ಅದರ ನೆಪದಲ್ಲಿ ನಿಮ್ಮ ಎಲ್ಲ ಪುಸ್ತಕಗಳ ಬಗ್ಗೆಯೂ ಒಂದು ಲೇಖನ ಬರೆಯಬೇಕೆಂದಿದ್ದೇನೆ ಎಂದ. ಆ ಮುಂದಿನ ಕಾದಂಬರಿ ಬರಲೇ ಇಲ್ಲ. ಪತ್ರಗಳು ನಿಲ್ಲಲಿಲ್ಲ. ಪಿಮ್ ಹೊಸ ಹಸ್ತಪ್ರತಿ ಕಳಿಸಿದರೆ ಓದಿ, ಎಲ್ಲಿ ಸಡಿಲವಾಗಿದೆ, ಎಲ್ಲಿ ಪಾತ್ರಗಳು ಹೆಚ್ಚಾಗಿವೆ ಎಂದು ನೇರವಾಗಿ ಬರೆಯುತ್ತಿದ್ದ. 1965ರಲ್ಲಿ ತನ್ನ ಪ್ರಕಾಶಕರಾದ ಫೇಬರ್ ಸಂಸ್ಥೆಯ ಚಾರ್ಲ್ಸ್ ಮಾಂಟೀತ್‌ಗೆ ಶಿಫಾರಸು ಮಾಡಿದ. ಸಾಮಾನ್ಯ ಜನ ಸಾಮಾನ್ಯ ಬದುಕು ಬದುಕುವ ಕಾದಂಬರಿಗಳಿಗೆ ಈ ಕಾಲದಲ್ಲಿ ಪ್ರಕಾಶಕರೇ ಇಲ್ಲದಿದ್ದರೆ ಅದು ನಾಚಿಕೆಗೇಡು ಎಂಬುದು ಆತನ ವಾದದ ಸಾರ. ಫೇಬರ್ ಒಪ್ಪಲಿಲ್ಲ. ಇಬ್ಬರೂ ಮೊದಲ ಬಾರಿಗೆ ಮುಖಾಮುಖಿಯಾದದ್ದು 1975ರಲ್ಲಿ, ಆಕ್ಸ್‌ಫರ್ಡಿನ ರ‍್ಯಾಂಡಾಲ್ಫ್ ಹೋಟೆಲಿನಲ್ಲಿ. ಹದಿನಾಲ್ಕು ವರ್ಷ ಕೇವಲ ಪುಟಗಳ ಮೂಲಕ ಬೆಳೆದ ಸ್ನೇಹ ಅದು.

ಇನ್ನೊಬ್ಬರನ್ನೂ ನೆನೆಯಬೇಕು. ರಾಬರ್ಟ್ ಸ್ಮಿತ್ ಪಿಮ್ ಅವರ ಹಳೆಯ ಗೆಳೆಯರು, ಆಫ್ರಿಕಾದ ಇತಿಹಾಸ ಬರೆದ ವಿದ್ವಾಂಸರು. ಪಿಮ್ ಅವರ ಹೆಸರನ್ನು ಯಾರೂ ಎತ್ತದಿದ್ದ 1971ರಲ್ಲಿ 'ಏರಿಯಲ್' ಎಂಬ ಪತ್ರಿಕೆಯಲ್ಲಿ ಅವರ ಆರೂ ಕಾದಂಬರಿಗಳ ಬಗ್ಗೆ ಲೇಖನ ಬರೆದರು. ಅದರಿಂದ ತಕ್ಷಣ ಯಾವ ಬಾಗಿಲೂ ತೆರೆಯಲಿಲ್ಲ. ನನಗೆ ಈ ಪ್ರಸಂಗದಲ್ಲಿ ಲಾರ್ಕಿನ್‌ನಷ್ಟೇ ದೊಡ್ಡವರಾಗಿ ಕಾಣುವವರು ಸ್ಮಿತ್. ಲಾರ್ಕಿನ್‌ಗೆ ಹೆಸರಿತ್ತು, ಆತನ ಮಾತಿಗೆ ತೂಕವಿತ್ತು. ಸ್ಮಿತ್ ಅವರ ಬಳಿ ಇದ್ದದ್ದು ಆರು ಪುಸ್ತಕಗಳನ್ನು ಮತ್ತೆ ಮತ್ತೆ ಓದಿದ ಪ್ರೀತಿ ಮಾತ್ರ. ನಿಮ್ಮ ಸ್ಥಿತಿಯೂ ಅದೇ ಆದ್ದರಿಂದ ಹೇಳುತ್ತಿದ್ದೇನೆ.

1977ರ ಜನವರಿಯಲ್ಲಿ 'ಟೈಮ್ಸ್ ಲಿಟರರಿ ಸಪ್ಲಿಮೆಂಟ್' ಎಂಬ ಲಂಡನ್ನಿನ ಸಾಹಿತ್ಯ ವಾರಪತ್ರಿಕೆ ತನ್ನ ಎಪ್ಪತ್ತೈದನೇ ವರ್ಷದ ಸಂದರ್ಭದಲ್ಲಿ ಹಲವು ಸಾಹಿತಿಗಳನ್ನು ಕೇಳಿತು: ಶತಮಾನದಲ್ಲಿ ಅರ್ಹತೆಗಿಂತ ಹೆಚ್ಚು ಹೊಗಳಿಸಿಕೊಂಡವರು ಯಾರು, ಕಡಿಮೆ ಮನ್ನಣೆ ಪಡೆದವರು ಯಾರು? ಎರಡನೆಯ ಪಟ್ಟಿಯಲ್ಲಿ, ಬದುಕಿದ್ದ ಲೇಖಕರ ಪೈಕಿ ಇಬ್ಬರು ಹೆಸರಿಸಿದ್ದು ಪಿಮ್ ಒಬ್ಬರನ್ನೇ. ಹೆಸರಿಸಿದವರು ಲಾರ್ಕಿನ್ ಮತ್ತು ವಿಮರ್ಶಕ ಲಾರ್ಡ್ ಡೇವಿಡ್ ಸೆಸಿಲ್. ಮುಂದಿನ ತಿಂಗಳೇ ಮ್ಯಾಕ್‌ಮಿಲನ್ ಸಂಸ್ಥೆ ಅವರ 'ಕ್ವಾರ್ಟೆಟ್ ಇನ್ ಆಟಮ್' ಕಾದಂಬರಿಯನ್ನು ಒಪ್ಪಿಕೊಂಡಿತು. ಆ ವರ್ಷವೇ ಅದು ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಪಿಮ್ ಅವರಿಗೆ ಉಳಿದಿದ್ದ ಆಯುಷ್ಯ ಮೂರು ವರ್ಷ. 1980ರ ಜನವರಿಯಲ್ಲಿ ತೀರಿಕೊಂಡರು. ಮೊದಲು ತಿರಸ್ಕೃತವಾಗಿದ್ದ 'ಆ್ಯನ್ ಅನ್‌ಸೂಟಬಲ್ ಅಟ್ಯಾಚ್‌ಮೆಂಟ್' 1982ರಲ್ಲಿ ಲಾರ್ಕಿನ್‌ನ ಮುನ್ನುಡಿಯೊಂದಿಗೆ ಹೊರಬಂತು.

ಸಾಮಾನ್ಯವಾಗಿ ಎಲ್ಲರೂ ನೆನಪಿಡುವುದು ಆ ಪಟ್ಟಿಯನ್ನು. ಆದರೆ ಆ ಇಬ್ಬರ ಮಾತಿಗೆ ಬಲ ಬಂದದ್ದು ಹಿಂದಿನ ವರ್ಷಗಳ ಓದಿನಿಂದ. ಸೆಸಿಲ್ 1950ರ ದಶಕದಲ್ಲೇ ಪಿಮ್ ಅವರಿಗೆ ಮೆಚ್ಚುಗೆಯ ಪತ್ರ ಬರೆದವರು. ಇಬ್ಬರೂ ಓದುಗರ ಗುಂಪನ್ನು ಒಟ್ಟಿಗೆ ಗೆಲ್ಲಲು ಹೊರಟವರಲ್ಲ. ಒಬ್ಬ ಮಾಂಟೀತ್, ಒಬ್ಬ ಗೆಳೆಯ, ಒಬ್ಬ ಸಂಪಾದಕ ಎಂದು ಒಬ್ಬೊಬ್ಬರ ಬಳಿ, ಈ ಪುಸ್ತಕದಲ್ಲಿ ಇಂಥದ್ದು ಇದೆ ಎಂದು ಹೇಳಿದವರು.

ನಮ್ಮ ಮೈಸೂರಿನದೇ ಉದಾಹರಣೆ ಬೇಕಿದ್ದರೆ ಆರ್.ಕೆ. ನಾರಾಯಣ್ ಅವರದಿದೆ. ನಿಮ್ಮ ಗೆಳೆಯರಿಗೆ ಇದನ್ನು ಹೇಳಿದರೆ ಕಿವಿ ನಿಮಿರಬಹುದು. ಅವರ ಮೊದಲ ಕಾದಂಬರಿಯ ಹಸ್ತಪ್ರತಿ ಲಂಡನ್ನಿನ ಪ್ರಕಾಶಕರಿಂದ ಮತ್ತೆ ಮತ್ತೆ ವಾಪಸಾಗುತ್ತಿತ್ತು. ಆಗ ಮೈಸೂರಿನ ಗೆಳೆಯ ಪೂರ್ಣ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. ಬೇಸತ್ತ ನಾರಾಯಣ್, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು ಅವರಿಗೆ ಬರೆದರು. ಪೂರ್ಣ ಅದನ್ನು ಮುಳುಗಿಸದೆ, ಆಗ ಆಕ್ಸ್‌ಫರ್ಡಿನಲ್ಲಿ ವಾಸವಾಗಿದ್ದ ಮೂವತ್ತರ ಹರೆಯದ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. ಗ್ರೀನ್ ಓದಿದರು, ಮೆಚ್ಚಿದರು, ಪ್ರಕಾಶಕರನ್ನು ಹುಡುಕಿದರು, ಲೇಖಕರ ಉದ್ದ ಹೆಸರನ್ನು ಚಿಕ್ಕದು ಮಾಡಲು ಸಲಹೆಯನ್ನೂ ಕೊಟ್ಟರು. 1935ರಲ್ಲಿ ಹೇಮಿಷ್ ಹ್ಯಾಮಿಲ್ಟನ್ ಸಂಸ್ಥೆಯಿಂದ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂತು. ಕಾದಂಬರಿ ಸ್ವೀಕಾರವಾಗಿದೆ, ಇದಕ್ಕೆ ಗ್ರೀನ್ ಕಾರಣ ಎಂದು ಪೂರ್ಣ ಮೈಸೂರಿಗೆ ತಂತಿ ಕಳಿಸಿದರು. ಗ್ರೀನ್ ಮತ್ತು ನಾರಾಯಣ್ ಮೊದಲ ಬಾರಿ ಭೇಟಿಯಾದದ್ದು 1956ರಲ್ಲಿ. ಮೊದಲ ಪುಸ್ತಕಗಳಿಗೆ ಮೆಚ್ಚುಗೆ ಸಿಕ್ಕಿತೇ ಹೊರತು ಮಾರಾಟ ಸಿಗಲಿಲ್ಲ. ಹೀಗಿದ್ದೂ ಗ್ರೀನ್ ಕೈಬಿಡಲಿಲ್ಲ. ಈ ಸಂಗತಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಪೂರ್ಣ ಅವರ ಆಯ್ಕೆ. ಆಕ್ಸ್‌ಫರ್ಡಿನಲ್ಲಿ ಭಾರತೀಯ ವಿದ್ಯಾರ್ಥಿಗೆ ಪರಿಚಯವಾಗಬಹುದಾದವರು ಹಲವರಿದ್ದರು. ಹಸ್ತಪ್ರತಿ ಹೋದದ್ದು, ಅದನ್ನು ಓದಿ ಅರಿಯಬಲ್ಲ ಒಬ್ಬರ ಕೈಗೆ.

ಈಗ ನಿಮ್ಮ ಗೆಳೆಯರ ವಿಷಯಕ್ಕೆ ಬರುತ್ತೇನೆ.

ನೀವು ಪುಸ್ತಕ ಬದಲಾಯಿಸಬೇಕು. 'ಎಕ್ಸಲೆಂಟ್ ವಿಮೆನ್' (1952) ನಿಮ್ಮನ್ನು ಹಿಡಿದ ಪುಸ್ತಕ. ಅದೇ ಅವರನ್ನೂ ಹಿಡಿಯಬೇಕೆಂದಿಲ್ಲ. ಯುದ್ಧ ಮುಗಿದ ಲಂಡನ್, ಪಡಿತರದ ದಿನಗಳು, ಪಾದ್ರಿಯ ಮಗಳಾದ ಮಿಲ್ಡ್ರೆಡ್ ಲ್ಯಾತ್‌ಬರಿ, ಕೆಳಗಿನ ಮಹಡಿಗೆ ಬರುವ ಹೊಸ ದಂಪತಿ, ಇಬ್ಬರೂ ಹಂಚಿಕೊಳ್ಳಬೇಕಾದ ಸ್ನಾನದ ಮನೆ, ಇವೆಲ್ಲ ಬಹಳ ನಿಧಾನವಾಗಿ ಕೂಡಿ ಬರುತ್ತವೆ. ಆ ಪುಸ್ತಕದ ಸೊಗಸು ಮಿಲ್ಡ್ರೆಡ್ ಹೇಳುವ ದನಿಯಲ್ಲಿದೆ. ದನಿ ಕಿವಿಗೆ ಒಗ್ಗುವವರೆಗೆ ಏನೂ ಆಗುತ್ತಿಲ್ಲ ಎನ್ನಿಸುವುದು ಸಹಜ. ನಿಮ್ಮ ಗೆಳೆಯರು ನಲವತ್ತನೇ ಪುಟದಲ್ಲಿ ನಿಲ್ಲಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಿವೃತ್ತರ ಗುಂಪಿಗೆ ಕೊಡಬೇಕಾದದ್ದು 'ಕ್ವಾರ್ಟೆಟ್ ಇನ್ ಆಟಮ್'. ಲಂಡನ್ನಿನ ಒಂದು ಕಚೇರಿಯಲ್ಲಿ ಒಂದೇ ಕೋಣೆಯಲ್ಲಿ ಕೂರುವ ನಾಲ್ವರು ಅದರಲ್ಲಿದ್ದಾರೆ: ಎಡ್ವಿನ್, ನಾರ್ಮನ್, ಲೆಟ್ಟಿ, ಮಾರ್ಷಿಯಾ. ಎಲ್ಲರೂ ಅರವತ್ತರ ಆಸುಪಾಸಿನವರು, ಒಂಟಿಯಾಗಿ ಬದುಕುವವರು. ಕಾದಂಬರಿಯ ಮೊದಲ ವಾಕ್ಯದಲ್ಲೇ ನಾಲ್ವರೂ ಆ ದಿನ ವಾಚನಾಲಯಕ್ಕೆ ಹೋಗುತ್ತಾರೆ, ಆದರೆ ಬೇರೆ ಬೇರೆ ಹೊತ್ತಿನಲ್ಲಿ. ಇಡೀ ಕಾದಂಬರಿ ಆ ಒಂದು ವಾಕ್ಯದಲ್ಲಿದೆ. ವರ್ಷಗಟ್ಟಲೆ ಜೊತೆಗೆ ಕೂತವರು ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ಲೆಟ್ಟಿ ಮತ್ತು ಮಾರ್ಷಿಯಾ ನಿವೃತ್ತರಾದ ಮೇಲೆ ಏನಾಗುತ್ತದೆ ಎಂಬುದು ಉಳಿದ ಕತೆ.

ಅದರಲ್ಲಿ ಬೀಳ್ಕೊಡುಗೆ ಸಮಾರಂಭದ ಪ್ರಸಂಗವೊಂದಿದೆ. ವಯಸ್ಸಾದ, ವಿಶೇಷ ಕೌಶಲವಿಲ್ಲದ ಹೆಂಗಸರ ದರ್ಜೆಗೆ ಸಂಜೆಯ ಪಾರ್ಟಿ ಸಲ್ಲುವುದಿಲ್ಲ, ಮಧ್ಯಾಹ್ನದ ಊಟದ ಹೊತ್ತಿನ ಕೂಟ ಸಾಕು ಎಂದು ಕಚೇರಿ ತೀರ್ಮಾನಿಸುತ್ತದೆ. ಮಧ್ಯಾಹ್ನವಾದರೆ ಅಗ್ಗದ ಶೆರ್ರಿ (ಒಂದು ಬಗೆಯ ವೈನ್) ಕೊಟ್ಟು ಮುಗಿಸಬಹುದು ಎಂಬ ಅನುಕೂಲವೂ ಇದೆ. ಭಾಷಣ ಮಾಡಬೇಕಾದ ಹಂಗಾಮಿ ಅಧಿಕಾರಿಗೆ ಈ ಇಬ್ಬರೂ ಇಷ್ಟು ವರ್ಷ ಏನು ಕೆಲಸ ಮಾಡುತ್ತಿದ್ದರು ಎಂಬುದೇ ಸರಿಯಾಗಿ ತಿಳಿದಿಲ್ಲ. ಅವರ ಜಾಗಕ್ಕೆ ಯಾರನ್ನೂ ನೇಮಿಸುವುದಿಲ್ಲ. ಆ ವಿಭಾಗವನ್ನೇ ಮುಚ್ಚುವವರಿದ್ದಾರೆ. ಪಿಮ್ ಇದನ್ನು ಒಂದಿಷ್ಟೂ ದನಿ ಏರಿಸದೆ ಹೇಳುತ್ತಾರೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಹೆಸರು ತಪ್ಪಾಗಿ ಓದಿದ ಮೇಲಧಿಕಾರಿ, ಇವನ್ನೆಲ್ಲ ದಾಟಿ ಬಂದ ಬ್ಯಾಂಕಿನವರೂ ಅಂಚೆಯವರೂ ಆ ಪುಟಗಳನ್ನು ಸುಮ್ಮನೆ ಬದಿಗಿಡಲಾರರು.

ಅಲ್ಲೇ ಮಾರ್ಷಿಯಾಳ ಹಾಲಿನ ಬಾಟಲಿಗಳೂ ಇವೆ. ತೋಟದ ಶೆಡ್ಡಿನಲ್ಲಿ ಖಾಲಿ ಬಾಟಲಿಗಳನ್ನು ತೊಳೆದು, ಒರೆಸಿ, ಸಾಲಾಗಿ ಜೋಡಿಸಿಟ್ಟಿದ್ದಾಳೆ. ಯುದ್ಧದ ಕಾಲದಲ್ಲಿ ಬಾಟಲಿ ಹಿಂತಿರುಗಿಸದಿದ್ದರೆ ಹಾಲಿಲ್ಲ ಎನ್ನುತ್ತಿದ್ದ ನೆನಪು ಅವಳಿಗೆ. ಮತ್ತೆ ಅಂಥ ಕಾಲ ಬಂದರೆ ಏನು ಗತಿ? ಬೇರೆ ಡೈರಿಯ ಒಂದು ಬಾಟಲಿ, ಲೆಟ್ಟಿ ಎಂದೋ ಕೊಟ್ಟದ್ದು, ಆ ಸಾಲಿಗೆ ಹೊಂದದೆ ಅವಳ ಮನಸ್ಸನ್ನು ಕೊರೆಯುತ್ತದೆ. ಬೀರುವಿನ ತುಂಬ ಆಹಾರದ ಡಬ್ಬಿಗಳಿದ್ದರೂ ಅವಳು ಉಣ್ಣುವುದು ಕಡಿಮೆಯಾಗುತ್ತಾ ಹೋಗುತ್ತದೆ. ಸಮಾಜಸೇವಕಿ ಬಂದು ಬಾಗಿಲು ತಟ್ಟಿ, ಒಳ್ಳೆಯ ಮಾತಾಡಿ ಹೋಗುತ್ತಾಳೆ. ಮಾರ್ಷಿಯಾ ಎಲ್ಲರ ಕಣ್ಣೆದುರಿಗೇ ಕರಗಿಹೋಗುತ್ತಾಳೆ. 'ಏನೂ ಆಗುವುದಿಲ್ಲ' ಎಂದ ಗೆಳೆಯರಿಗೆ ನೀವು ವಾದದಿಂದ ಉತ್ತರಿಸಬೇಕಿಲ್ಲ. ಈ ಅಧ್ಯಾಯಗಳನ್ನು ಕೊಟ್ಟು ಸುಮ್ಮನಿರಿ.

ಕೊಡುವುದು ಎಂದೆ. ಅದಕ್ಕಿಂತ ಒಳ್ಳೆಯದು ನೀವೇ ಓದಿ ಹೇಳುವುದು. ಮುಂದಿನ ಸಭೆಗೆ ಬೀಳ್ಕೊಡುಗೆಯ ಆ ಪ್ರಸಂಗವನ್ನು ನೀವೇ ಕನ್ನಡಕ್ಕೆ ತಂದುಕೊಳ್ಳಿ. ಎರಡೋ ಮೂರೋ ಪುಟ ಸಾಕು. ಲೇಖಕಿಯ ಪೀಠಿಕೆ ಬೇಡ, ಬುಕರ್ ಬೇಡ, ಲಾರ್ಕಿನ್ ಬೇಡ. 'ಲಂಡನ್ನಿನ ಒಂದು ಕಚೇರಿಯಲ್ಲಿ ಇಬ್ಬರು ಹೆಂಗಸರು ರಿಟೈರ್ ಆಗುತ್ತಿದ್ದಾರೆ' ಎಂದಷ್ಟೇ ಹೇಳಿ ಓದಿ. ಅನುವಾದ ಮಾಡುವಾಗ ನಿಮಗೇ ಒಂದು ಲಾಭವಾಗುತ್ತದೆ. ಪಿಮ್ ಒಂದು ವಾಕ್ಯದ ಮೊದಲರ್ಧದಲ್ಲಿ ಸೌಜನ್ಯವಿಟ್ಟು ಎರಡನೆಯ ಅರ್ಧದಲ್ಲಿ ಸೂಜಿ ಚುಚ್ಚುವುದು ಹೇಗೆಂದು ಓದುವಾಗ ತಿಳಿಯುವುದಕ್ಕಿಂತ ಅನುವಾದಿಸುವಾಗ ಹೆಚ್ಚು ತಿಳಿಯುತ್ತದೆ. ಆ ತಿಳಿವಳಿಕೆ ನಿಮ್ಮ ಓದಿನ ದನಿಯಲ್ಲೂ ಬರುತ್ತದೆ. ಓದಿ ಮುಗಿದ ಮೇಲೆ ಹೇಗಿತ್ತು ಎಂದು ಕೇಳಬೇಡಿ. ತಮ್ಮ ತಮ್ಮ ಬೀಳ್ಕೊಡುಗೆಯ ಕತೆಗಳನ್ನು ಅವರೇ ಶುರು ಮಾಡುತ್ತಾರೆ. ಮಾಡಲಿ. ಆ ಮಾತೆಲ್ಲ ಮುಗಿದ ಮೇಲೆ 'ಆಮೇಲೆ ಆ ಇಬ್ಬರಿಗೆ ಏನಾಯಿತು?' ಎಂದು ಯಾರಾದರೂ ಕೇಳಿದರೆ, ಪುಸ್ತಕ ಅವರ ಕೈಗೆ ಹೋಗಲಿ.

ಯಾರೂ ಕೇಳದಿದ್ದರೆ? ಒಬ್ಬರನ್ನು ಆರಿಸಿಕೊಳ್ಳಿ. ಪ್ರತಿ ಗುಂಪಿನಲ್ಲೂ ಜೋರಾಗಿ ಅಭಿಪ್ರಾಯ ಹೇಳುವವರೊಬ್ಬರು, ಮೆಲ್ಲಗೆ ಓದಿ ಮುಗಿಸುವವರೊಬ್ಬರು ಇರುತ್ತಾರೆ. ಮೊದಲನೆಯವರನ್ನು ಒಪ್ಪಿಸಿದರೆ ಎಲ್ಲರೂ ಒಪ್ಪುತ್ತಾರೆಂದು ನಮಗೆ ತೋರುತ್ತದೆ. ನಾನು ಕಂಡ ಗುಂಪುಗಳಲ್ಲಿ ಹಾಗಾದದ್ದು ಕಡಿಮೆ. ಜೋರು ಮಾತಿನವರ ಮೆಚ್ಚುಗೆಗೆ ಉಳಿದವರು ತಲೆದೂಗಿ ಸುಮ್ಮನಾಗುತ್ತಾರೆ. ಮಾತು ಕಡಿಮೆ ಆಡುವವರು ಎಂದಾದರೊಮ್ಮೆ 'ಇದು ಚೆನ್ನಾಗಿದೆ' ಎಂದರೆ ಉಳಿದವರು ಹೆಸರು ಬರೆದುಕೊಳ್ಳುತ್ತಾರೆ. ಅಂಥವರೊಬ್ಬರು ನಿಮ್ಮಲ್ಲೂ ಇರಬೇಕು. ಪುಸ್ತಕ ಅವರ ಮನೆಗೆ ಹೋಗಲಿ, ಸಭೆಯಲ್ಲಿ ಅದರ ಹೆಸರೆತ್ತಬೇಡಿ. ಓದಿದಿರಾ ಎಂದು ಫೋನ್ ಮಾಡಲೂ ಬೇಡಿ. ನಿಮ್ಮ ಮೌನವೇ ಅವರಿಗೆ ಅವಕಾಶ.

ಎಲ್ಲರಿಗೂ ಒಂದೇ ಪುಸ್ತಕ ಎಂಬ ನಿಯಮವನ್ನೂ ಬಿಡಿ. ಗುಂಪಿನಲ್ಲಿ ಕಾಲೇಜಿನಲ್ಲಿ ದುಡಿದವರಿದ್ದಾರೆ ಎಂದು ಬರೆದಿದ್ದೀರಿ. ಅವರಿಗೆ 'ಲೆಸ್ ದ್ಯಾನ್ ಏಂಜಲ್ಸ್' (1955) ಒಪ್ಪುತ್ತದೆ. ಅದರಲ್ಲಿ ಇರುವವರಲ್ಲಿ ಹೆಚ್ಚಿನವರು ಮಾನವಶಾಸ್ತ್ರಜ್ಞರು, ಸಂಶೋಧನಾ ವಿದ್ಯಾರ್ಥಿಗಳು. ಅನುದಾನಕ್ಕಾಗಿ ಕಾಯುವ ಹುಡುಗರು, ಬರೆಯದೇ ಉಳಿದ ಪ್ರಬಂಧಗಳು, ಹಿರಿಯ ವಿದ್ವಾಂಸರ ಮುನಿಸುಗಳು. ದೂರದ ಬುಡಕಟ್ಟುಗಳನ್ನು ಅಧ್ಯಯನ ಮಾಡುವವರನ್ನೇ ಪಿಮ್ ಒಂದು ಬುಡಕಟ್ಟಾಗಿ ನೋಡುತ್ತಾರೆ. ಕಚೇರಿಯಲ್ಲಿ ಅಂಥ ಬರಹಗಳನ್ನು ದಿನವೂ ತಿದ್ದುತ್ತಿದ್ದವರಿಗೆ ಮಾತ್ರ ಸಾಧ್ಯವಾದ ಕಣ್ಣು ಅದು. ಇನ್ನು ಬೇರೆಯವರ ಮನೆಯ ಸಮಾಚಾರದಲ್ಲಿ ಆಸಕ್ತಿ ಹೆಚ್ಚಿರುವ ಗೆಳೆಯರೊಬ್ಬರು ಖಂಡಿತ ಇರುತ್ತಾರೆ. ಅವರಿಗೆ 'ನೋ ಫಾಂಡ್ ರಿಟರ್ನ್ ಆಫ್ ಲವ್' (1961). ಅದರ ನಾಯಕಿ ಡಲ್ಸಿ ಪುಸ್ತಕಗಳಿಗೆ ಪದಸೂಚಿ ತಯಾರಿಸುವವಳು. ಒಬ್ಬ ಮನುಷ್ಯನ ಬಗ್ಗೆ ಕುತೂಹಲ ಹುಟ್ಟಿದರೆ ಅವನ ಸಹೋದರ ಯಾರು, ತಾಯಿ ಎಲ್ಲಿ ಹೋಟೆಲು ನಡೆಸುತ್ತಾಳೆ ಎಂದು ಗ್ರಂಥಾಲಯದ ಪರಾಮರ್ಶನ ಗ್ರಂಥಗಳನ್ನು ಜಾಲಾಡಿ, ಕಡೆಗೆ ಅಲ್ಲಿಗೇ ಹೋಗಿ ಇಳಿಯುತ್ತಾಳೆ. ಪಿಮ್ ಅವರಿಗೂ ಈ ಅಭ್ಯಾಸವಿತ್ತು.

'ಟೀ ಪುರಾಣ' ಎಂದ ಗೆಳೆಯರ ಮಾತು ನಿಮಗೆ ನೋವು ತಂದಿದೆ. ಅದರಲ್ಲಿ ಅರ್ಧ ಸತ್ಯವಿದೆ, ಒಪ್ಪಿಕೊಳ್ಳಿ. ಪಿಮ್ ಅವರ ಪ್ರಪಂಚ ಕಿರಿದು. ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಸಭೆ, ಹಳೆಯ ಬಟ್ಟೆಗಳ ಮಾರಾಟ, ಸುಂದರನಾದ ಕಿರಿಯ ಪಾದ್ರಿ, ಅವನಿಗೆ ಸ್ವೆಟರ್ ಹೆಣೆದುಕೊಡುವ ಮಹಿಳೆಯರು ಪುಸ್ತಕದಿಂದ ಪುಸ್ತಕಕ್ಕೆ ಮತ್ತೆ ಮತ್ತೆ ಬರುತ್ತಾರೆ. ಗಂಡಸರಲ್ಲಿ ಬಹುಪಾಲು ಸ್ವಾರ್ಥಿಗಳು, ಅಸಹಾಯಕರು. ಇದು ಬೇಸರ ತರಿಸಬಹುದು. ಪುಸ್ತಕದ ಪರವಾಗಿ ನಿಲ್ಲುವವರು ಅದರ ಮಿತಿಯನ್ನು ಎಲ್ಲರಿಗಿಂತ ಮೊದಲೇ ಬಲ್ಲವರಾಗಿರಬೇಕು. ಲಾರ್ಕಿನ್ ಹಸ್ತಪ್ರತಿಯ ಸಡಿಲುಗಳನ್ನು ಪಿಮ್ ಅವರಿಗೇ ಬರೆದು ತಿಳಿಸಿದ್ದು ನೆನಪಿರಲಿ. ಅದರಿಂದ ಆತನ ಮೆಚ್ಚುಗೆ ಕಡಿಮೆಯಾಗಲಿಲ್ಲ.

ಉಳಿದ ಅರ್ಧಕ್ಕೆ ಉತ್ತರ 'ಎಕ್ಸಲೆಂಟ್ ವಿಮೆನ್' ಪುಸ್ತಕದಲ್ಲೇ ಇದೆ. ಚರ್ಚಿನ ಕೆಲಸದ ನಡುವೆ ಮಿಸ್ ಸ್ಟೇಥಮ್ ದೊಡ್ಡ ಟೀ ಪಾತ್ರೆಗೆ ನೀರು ಸುರಿಯುತ್ತಿದ್ದಾಳೆ. ಮಿಲ್ಡ್ರೆಡ್‌ಗೆ ಇದ್ದಕ್ಕಿದ್ದಂತೆ, ನಮಗೆ ನಿಜಕ್ಕೂ ಈಗ ಟೀ ಬೇಕೇ ಎನ್ನಿಸುತ್ತದೆ. ಕೇಳಿಯೂ ಬಿಡುತ್ತಾಳೆ. ಮಿಸ್ ಸ್ಟೇಥಮ್ ನೊಂದ, ಸಿಟ್ಟಿನ ಕಣ್ಣುಗಳಿಂದ ನೋಡಿ, ಟೀ ಬೇಕೇ ಎಂದರೆ ಏನರ್ಥ ಎಂಬಂತೆ ತಡವರಿಸುತ್ತಾಳೆ. ತನ್ನ ಪ್ರಶ್ನೆ ಯಾವುದೋ ಆಳದ, ಬುಡದ ಸಂಗತಿಗೆ ತಗುಲಿದೆ ಎಂದು ಮಿಲ್ಡ್ರೆಡ್‌ಗೆ ಆಗ ಹೊಳೆಯುತ್ತದೆ. ಒಂದು ಜೀವನವಿಡೀ ಇತರರಿಗೆ ಉಪಯೋಗಕ್ಕೆ ಬಂದು ಕಳೆದ ಹೆಂಗಸಿನ ಕೈಯಿಂದ ಆ ಕೆಲಸವನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ? ಆ ಪುಟವನ್ನು ಓದಿದವರು ಟೀ ಪುರಾಣ ಎಂದು ಮತ್ತೆ ಹೇಳಲಾರರು. ನಮ್ಮ ಬಡಾವಣೆಯ ರಾಮೋತ್ಸವ ಸಮಿತಿಯಲ್ಲಿ ಪಾನಕ ಮಾಡುವ ಹಕ್ಕು ಯಾರದೆಂದು ವರ್ಷಗಟ್ಟಲೆ ನಡೆಯುವ ಮೌನ ಯುದ್ಧವನ್ನು ಬಲ್ಲವರಿಗೆ ಈ ಪ್ಯಾರಿಷ್ ಬೇರೆ ದೇಶದ್ದು ಎನ್ನಿಸಬೇಕಾಗಿಲ್ಲ. ನಮ್ಮಲ್ಲೂ ಮನೆಯೊಳಗಿನ ಬದುಕು ಬರೆದ ಲೇಖಕಿಯರನ್ನು 'ಅಡುಗೆಮನೆ ಸಾಹಿತ್ಯ' ಎಂದು ತಳ್ಳಿಹಾಕಿದ್ದುಂಟು. ಆ ಮಾತಿನಿಂದ ನಾವು ಎಷ್ಟು ಒಳ್ಳೆಯ ಪುಟಗಳನ್ನು ಕಳೆದುಕೊಂಡೆವೆಂದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಆದರೆ ಈ ಸಂಕಟವನ್ನು ಸಭೆಗೆ ಒಯ್ಯಬೇಡಿ. ಟೀ ಪುಟವನ್ನು ಮಾತ್ರ ಒಯ್ಯಿರಿ.

ಚರ್ಚಿನ ಶಬ್ದಗಳು ತೊಡಕಾಗುವುದು ನಿಜ. ವಿಕರ್ ಎಂದರೆ ಆ ಪ್ಯಾರಿಷಿನ ಹೊಣೆ ಹೊತ್ತ ಪಾದ್ರಿ, ಕ್ಯುರೇಟ್ ಎಂದರೆ ಅವನ ಕೈಕೆಳಗಿನ ಕಿರಿಯ, ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನ) ಪಾದ್ರಿಗಳು ಮದುವೆಯಾಗಬಹುದು. ಈ ಮೂರು ಸಂಗತಿ ತಿಳಿದರೆ ಪಿಮ್ ಅವರ ಮುಕ್ಕಾಲು ಪಾಲು ಕತೆ ಬಿಚ್ಚಿಕೊಳ್ಳುತ್ತದೆ. ಅದರಲ್ಲೂ ಮೂರನೆಯದು ಗೊತ್ತಿಲ್ಲದೆ ಓದಿದರೆ, ಆ ಹೆಂಗಸರೆಲ್ಲ ಪಾದ್ರಿಯ ಸುತ್ತ ಏಕೆ ಸುತ್ತುತ್ತಾರೆಂಬುದೇ ಅರ್ಥವಾಗುವುದಿಲ್ಲ. ನಲವತ್ತು ಪುಟಕ್ಕೆ ನಿಲ್ಲಿಸಿದ ಗೆಳೆಯರಿಗೆ ಇದು ತಿಳಿದಿತ್ತೇ ಎಂದು ಒಮ್ಮೆ ವಿಚಾರಿಸಿ.

ಇಷ್ಟಾದ ಮೇಲೂ ಆರರಲ್ಲಿ ಇಬ್ಬರಿಗೆ ಪಿಮ್ ರುಚಿಸದೇ ಇರಬಹುದು. ಇಬ್ಬರಿಗೆ ರುಚಿಸಿದರೆ ನೀವು ಮೂವರಾದಿರಿ. ಒಬ್ಬ ಲೇಖಕಿಯ ಬಗ್ಗೆ ವರ್ಷಗಟ್ಟಲೆ ಮಾತನಾಡಲು ಮೂವರು ಧಾರಾಳ ಸಾಕು. ಒಲ್ಲೆ ಎಂದವರ ಮೇಲೆ ಮುನಿಸು ಬೇಡ. ಅವರು ನಿಮಗೆ ಓದಲು ಹೇಳಿದ, ನೀವು ಇನ್ನೂ ಮುಟ್ಟದ ಪುಸ್ತಕವೊಂದು ನಿಮ್ಮ ಕಪಾಟಿನಲ್ಲೂ ಇರುತ್ತದೆ. ಅದನ್ನು ಈ ತಿಂಗಳು ಓದಿ ಮುಗಿಸಿ, ಮುಂದಿನ ಸಭೆಯಲ್ಲಿ ಅದರ ಬಗ್ಗೆ ಮನಸ್ಸಿಟ್ಟು ಮಾತನಾಡಿ. ಅವರು ಪಿಮ್ ಅವರನ್ನು ಓದಲಿ ಎಂಬ ಲೆಕ್ಕಾಚಾರದಿಂದ ಇದನ್ನು ಹೇಳುತ್ತಿಲ್ಲ. ಹಳೆಯ ಗೆಳೆಯರ ನಡುವೆ ಅಷ್ಟು ಬಾಕಿ ಇರಬಾರದು.

ಪ್ರತಿಗಳ ವಿಷಯ. ಪಿಮ್ ಅವರ ಕಾದಂಬರಿಗಳಲ್ಲಿ ಹಲವನ್ನು ಲಂಡನ್ನಿನ ವಿರಾಗೊ ಸಂಸ್ಥೆ ಮರುಮುದ್ರಿಸಿದೆ. 'ಕ್ವಾರ್ಟೆಟ್ ಇನ್ ಆಟಮ್' ಪಿಕಡಾರ್ ಮುದ್ರಣದಲ್ಲಿ ಬಂದಿದೆ. ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು, ಇ-ಪುಸ್ತಕವಾಗಿಯೂ ಸಿಗುತ್ತವೆ. ಕಣ್ಣಿನ ತೊಂದರೆ ಇರುವ ಗೆಳೆಯರಿದ್ದರೆ ಅಕ್ಷರ ದೊಡ್ಡದು ಮಾಡಿಕೊಳ್ಳಲು ಇ-ಪುಸ್ತಕವೇ ಅನುಕೂಲ. ನಿಮ್ಮ ಗುರುತು ಹಾಕಿದ ಪ್ರತಿಯನ್ನು ಮೊದಲ ಬಾರಿಗೆ ಓದುವವರಿಗೆ ಕೊಡಬೇಡಿ. ಪ್ರತಿ ಪುಟದಲ್ಲೂ ನೀವು ಅಡಿಗೆರೆ ಎಳೆದ ಸಾಲುಗಳು ಅವರ ಓದಿಗೆ ಅಡ್ಡ ಬರುತ್ತವೆ. ಹೊಸ ಪ್ರತಿ ಕೊಡಿ.

ನಿಮ್ಮ ಕನ್ನಡ ಪುಟಗಳು ಗೆಳೆಯರಿಗೆ ಹಿಡಿಸಿ, ಇಡೀ ಪುಸ್ತಕವನ್ನೇ ಅನುವಾದಿಸು ಎಂದು ಅವರು ಒತ್ತಾಯಿಸಿದರೆ ಒಂದು ವಿಷಯ ಗಮನದಲ್ಲಿರಲಿ. ಭಾರತದ ಕಾಯ್ದೆಯಂತೆ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಪಿಮ್ ಅವರ ವಿಷಯದಲ್ಲಿ ಅದು 2040ರ ಕೊನೆಯವರೆಗೆ. ಬ್ರಿಟನ್ನಿನಲ್ಲಿ ಇನ್ನೂ ಹತ್ತು ವರ್ಷ ಹೆಚ್ಚು. ಮನೆಯ ಸಭೆಯಲ್ಲಿ ನಾಲ್ಕು ಜನರಿಗೆ ಓದಿ ಹೇಳಲು ಅಡ್ಡಿಯಿಲ್ಲ. ಅಚ್ಚು ಹಾಕಿಸುವುದಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಅದಕ್ಕೆ ಮೂಲ ಪ್ರಕಾಶಕರಿಗೆ ಪತ್ರ ಬರೆಯಬೇಕು, ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಲು ಸಿದ್ಧರಿರಬೇಕು. ಆದ್ದರಿಂದ ಮೊದಲು ಬೀಳ್ಕೊಡುಗೆಯ ಪ್ರಸಂಗವನ್ನು ಮುಗಿಸಿ. ಶೆರ್ರಿಯನ್ನು ಶೆರ್ರಿ ಎಂದೇ ಬಿಡಿ, ಕಾಫಿಯಾಗಿಸಬೇಡಿ.